ದಂತವೈದ್ಯ ಓದಿ ಗ್ರ್ಯಾಮಿ ಗೆದ್ದವರು

'ಸಂಗೀತ ಹೊಟ್ಟೆ ತುಂಬಿಸುತ್ತದೆಯೇ?' ಕೈವಾರ ತಾತಯ್ಯನವರ ಕೀರ್ತನೆ ಕೇಳಿ ಬೆಳೆಯುವ ಅಂಬಾಜಿದುರ್ಗದ ಕಡೆಯ ಮಕ್ಕಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಂಗಳೂರಿನ ರಿಕ್ಕಿ ಕೇಜ್ ಅವರನ್ನೇ ನೋಡಿ. ದಂತವೈದ್ಯಕೀಯ ಪದವಿ ಮುಗಿಸಿದರು. ಬದುಕಿಗೆ ಆರಿಸಿಕೊಂಡದ್ದು ಮಾತ್ರ ಸಂಗೀತವನ್ನು.

ದಕ್ಷಿಣ ಆಫ್ರಿಕದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜತೆಗೂಡಿ ಮಾಡಿದ 'ವಿಂಡ್ಸ್ ಆಫ್ ಸಂಸಾರ' 2015ರಲ್ಲಿ ಅವರಿಗೆ ಅಮೆರಿಕದ ಗ್ರ್ಯಾಮಿ ತಂದಿತು. ಸ್ಟೂವರ್ಟ್ ಕೋಪ್‌ಲ್ಯಾಂಡ್ ಜತೆಗಿನ 'ಡಿವೈನ್ ಟೈಡ್ಸ್' 2022 ಮತ್ತು 2023ರಲ್ಲಿ ಇನ್ನೆರಡನ್ನು ಗಳಿಸಿಕೊಟ್ಟಿತು. ವರ್ಷಕ್ಕೊಮ್ಮೆ ಕೊಡುವ ಈ ಪ್ರಶಸ್ತಿಗೆ ಮತ ಹಾಕುವವರು ಸಂಗೀತ ಕ್ಷೇತ್ರದವರೇ.

ಎಲ್ಲ ಮಕ್ಕಳೂ ಗ್ರ್ಯಾಮಿ ಗೆಲ್ಲಬೇಕಿಲ್ಲ. ಪದವಿಯೂ ಇರಲಿ, ತಂಬೂರಿಯೂ ಮೂಲೆ ಸೇರದಿರಲಿ. ಹತ್ತನೇ ತರಗತಿ ಬಂತೆಂದು ಸಂಗೀತ ಪಾಠ ಬಿಡಿಸುವ ಮುನ್ನ ತಂದೆತಾಯಿ ಒಮ್ಮೆ ಯೋಚಿಸಬಾರದೇ?