ಸಿಗಡಿಯ ಬಣ್ಣ ಮಕ್ಕಳಿಗೆ ಇಳಿಯುವ ಬಗೆ

ಚೆರ್ರಿ ಸಿಗಡಿಯಲ್ಲಿ ಕೆಂಪು, ನೀಲಿ, ಹಳದಿ ತಳಿಗಳಿವೆ. ಕೆಂಪನ್ನೂ ನೀಲಿಯನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ನೇರಳೆ ಮರಿ ಹುಟ್ಟೀತೆಂದು ಹೊಸಬರು ಕಾಯುತ್ತಾರೆ. ಹುಟ್ಟುವ ಮರಿಗಳು ಹೆಚ್ಚಾಗಿ ಮಾಸಲು ಕಂದು. ಚೀನಾ, ತೈವಾನ್‌ಗಳ ತೊರೆಗಳಲ್ಲಿ ಈ ಸಿಗಡಿಯ ಮೂಲ ಬಣ್ಣವೇ ಅದು. ಪಾಚಿ, ಕೊಳೆತ ಎಲೆಗಳ ನಡುವೆ ಮೀನಿನ ಕಣ್ಣಿಗೆ ಬೀಳದ ಬಣ್ಣ. ಒಂದೊಂದು ತಳಿಯಲ್ಲಿ ಒಂದೊಂದು ಕಡೆ ವಂಶವಾಹಿ ಬದಲಾಗಿರುತ್ತದೆ. ಎರಡು ತಳಿ ಕೂಡಿದಾಗ ತಾಯಿಯಲ್ಲಿ ಕೆಟ್ಟದ್ದು ತಂದೆಯಿಂದ ಸರಿಯಾಗಿ ಬರುತ್ತದೆ, ತಂದೆಯಲ್ಲಿ ಕೆಟ್ಟದ್ದು ತಾಯಿಯಿಂದ. ಹಳೆಯ ಕಂದು ಮರಳುವುದು ಹೀಗೆ.

ಕೆಂಪು ಬಣ್ಣದ ಹಿಂದೆ ಆಹಾರವೂ ಇದೆ. ಅಸ್ಟಾಕ್ಸಾಂಥಿನ್ ಎಂಬ ಕೆಂಪು ವಸ್ತುವಿಗೆ ಬೇಕಾದ ಮೂಲ ಸರಕನ್ನು ಸಿಗಡಿ ತಾನೇ ತಯಾರಿಸಲಾರದು, ಪಾಚಿ ತಿಂದು ಪಡೆಯಬೇಕು. ಈ ವಸ್ತು ಪ್ರೋಟೀನಿಗೆ ಅಂಟಿಕೊಂಡರೆ ನೀಲಿ ಛಾಯೆಗೆ ತಿರುಗುತ್ತದೆ. ಅಡುಗೆಮನೆಯಲ್ಲಿ ಬೂದು ಸಿಗಡಿ ಬೆಂದು ಕೆಂಪಾಗುವುದು ಆ ಪ್ರೋಟೀನು ಬಿಸಿಗೆ ಕೆಡುವುದರಿಂದ. ಹಾಗಾಗಿ ತಿಳಿಗೆಂಪು ಹೆಣ್ಣನ್ನು ಕಂಡ ಕೂಡಲೇ ಕೀಳು ತಳಿಯೆಂದು ಬೇರ್ಪಡಿಸಬಾರದು. ಮೊದಲು ಅದರ ಮೇವು ನೋಡಬೇಕು. ಗಂಡುಗಳಂತೂ ಒಳ್ಳೆಯ ತಳಿಯಲ್ಲೂ ಹೆಣ್ಣಿಗಿಂತ ಪೇಲವ.

ಬಣ್ಣ ಮಕ್ಕಳಿಗೆ ಇಳಿಯುವ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇನ್ನೊಂದು ಜಾತಿಯಲ್ಲಿ, ಕಪ್ಪು-ಬಿಳಿ ಪಟ್ಟೆಯ ಬೀ ಸಿಗಡಿಯಲ್ಲಿ. 1990ರ ದಶಕದಲ್ಲಿ ಜಪಾನಿನ ಹಿಸಯಾಸು ಸುಜುಕಿ ತಮ್ಮ ಬೀ ಸಿಗಡಿಗಳ ನಡುವೆ ಅಪರೂಪಕ್ಕೆ ಹುಟ್ಟಿದ ಕೆಂಪು-ಬಿಳಿ ಮರಿಗಳನ್ನು ಜೋಪಾನ ಮಾಡಿ, ಆರಿಸಿ ಬೆಳೆಸಿದರು. ಇಂದಿನ ಕ್ರಿಸ್ಟಲ್ ರೆಡ್ ತಳಿ ಅವರ ತಾಳ್ಮೆಯ ಫಲ. ಸಾವಿರಾರು ಮರಿಗಳ ನಡುವೆ ಬೇರೆಯಾಗಿ ಕಂಡ ಒಂದನ್ನು ಗುರುತಿಸುವ ಆ ಕಣ್ಣು ನನಗೆ ಪ್ರಯೋಗಾಲಯದ ಯಾವ ಉಪಕರಣಕ್ಕೂ ಕಡಿಮೆಯೆನಿಸುವುದಿಲ್ಲ.

ಇಲ್ಲಿ ಕಪ್ಪು ಪ್ರಬಲ, ಕೆಂಪು ಅಡಗುವ ಗುಣ. ತಂದೆತಾಯಿ ಇಬ್ಬರಿಂದಲೂ ಕೆಂಪಿನ ಪ್ರತಿ ಬಂದರೆ ಮಾತ್ರ ಮರಿ ಕೆಂಪು. ಶುದ್ಧ ಕಪ್ಪನ್ನೂ ಕೆಂಪನ್ನೂ ಕೂಡಿಸಿದರೆ ಮೊದಲ ತಲೆಮಾರು ಪೂರಾ ಕಪ್ಪು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸುಮಾರು ಕಾಲು ಪಾಲು ಕೆಂಪು. ಮೆಂಡೆಲ್ ಬಟಾಣಿಯಲ್ಲಿ ಕಂಡ ಅದೇ ಮೂರಕ್ಕೆ ಒಂದರ ಅನುಪಾತ.

ಎದುರಿಗಿರುವ ಕಪ್ಪು ಸಿಗಡಿ ಒಳಗೆ ಕೆಂಪನ್ನು ಹೊತ್ತಿದೆಯೇ? ಹೊರನೋಟಕ್ಕೆ ತಿಳಿಯದು. ಅದನ್ನು ಕೆಂಪಿನೊಂದಿಗೆ ಕೂಡಿಸಬೇಕು. ಹೊತ್ತಿದ್ದರೆ ಸುಮಾರು ಅರ್ಧ ಮರಿಗಳು ಕೆಂಪಾಗುತ್ತವೆ. ಹೆಣ್ಣು ಹೊಟ್ಟೆಯಡಿ ಮೊಟ್ಟೆಗಳನ್ನು ಹೊತ್ತು, ಈಜುಗಾಲುಗಳಿಂದ ಗಾಳಿಯಾಡಿಸುತ್ತ ಕಾಪಾಡುತ್ತದೆ. ಕೆಲವು ವಾರಗಳಲ್ಲಿ ದೊಡ್ಡವುಗಳದೇ ರೂಪದ ಪುಟ್ಟ ಮರಿಗಳು ಹೊರಬರುತ್ತವೆ. 20 ಮರಿ ಹುಟ್ಟಿ ಎಲ್ಲವೂ ಕಪ್ಪಾದವೆನ್ನಿ. ಕೆಂಪನ್ನು ಹೊತ್ತ ಸಿಗಡಿಗೆ ಹಾಗಾಗುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದರಷ್ಟು. ಆ ಕಪ್ಪನ್ನು ಶುದ್ಧ ತಳಿಯ ತೊಟ್ಟಿಗೆ ಧೈರ್ಯವಾಗಿ ಬಿಡಬಹುದು.