ಗಾರೆಯಿಲ್ಲದೆ ನಿಂತ ಸುರಂಗಗಳು

ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಹೊಲ ಉಳುವಾಗ ಟ್ರ್ಯಾಕ್ಟರ್ ಚಕ್ರದಡಿ ನೆಲ ಕುಸಿಯೋದುಂಟು. ಇಣುಕಿ ನೋಡಿದರೆ ಕೆಳಗೊಂದು ಕಲ್ಲಿನ ಓಣಿ! ಇವಕ್ಕೆ ಸೂಟರೇನ್ ಅಂತ ಹೆಸರು. ಫ್ರೆಂಚಿನಲ್ಲಿ ‘ನೆಲದಡಿ’ ಅಂತಷ್ಟೇ ಅರ್ಥ. ಇಂಥವು 3,000ಕ್ಕೂ ಹೆಚ್ಚು ಪತ್ತೆಯಾಗಿವೆ. ಹೆಚ್ಚಿನವು 6ರಿಂದ 12ನೇ ಶತಮಾನದೊಳಗಿನವು. ಸುತ್ತ ಮಣ್ಣಿನ ಒಡ್ಡು ಕಟ್ಟಿಕೊಂಡ ರೈತರ ನೆಲೆಗಳಲ್ಲಿ, ಅಂದ್ರೆ ರಿಂಗ್‌ಫೋರ್ಟ್‌ಗಳಲ್ಲಿ, ಹೆಚ್ಚಾಗಿ ಸಿಗುತ್ತವೆ.

ಸುರಂಗ ಅಂದ ತಕ್ಷಣ ಕೊರೆದಿದ್ದು ಅಂದ್ಕೋಬೇಡಿ. ನಮ್ಮ ಸಿವಿಲ್‌ನವರು ‘ಕಟ್ ಅಂಡ್ ಕವರ್’ ಅಂತಾರಲ್ಲ, ಬಹುತೇಕ ಅದೇ. ಕಂದಕ ತೋಡಿ, ಎರಡೂ ಬದಿ ಗಾರೆಯಿಲ್ಲದೆ ಕಲ್ಲು ಪೇರಿಸಿ, ಮೇಲೆ ಚಪ್ಪಡಿ ಹಾಸಿ, ಮಣ್ಣು ಮುಚ್ಚುವುದು. ತಲೆನೋವು ಚಪ್ಪಡಿಯದ್ದು. ಕಲ್ಲು ಕಂಪ್ರೆಶನ್ ತಡೆದುಕೊಳ್ಳುತ್ತೆ, ಟೆನ್ಶನ್‌ಗೆ ಬಿರುಕು ಬಿಡುತ್ತೆ. ಮಣ್ಣಿನ ಭಾರಕ್ಕೆ ಚಪ್ಪಡಿ ಬಾಗಿದರೆ ತಳದಲ್ಲಿ ಬರೋದು ಟೆನ್ಶನ್ನೇ. ಅದಕ್ಕೇ ಅನೇಕ ಕಡೆ ಗೋಡೆಯ ಮೇಲ್ಸಾಲುಗಳನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಚಾಚುತ್ತಾ ಬಂದರು. ಸಮನಾಗಿ ಹರಡಿದ ಭಾರಕ್ಕೆ ಬೆಂಡಿಂಗ್ ಮೊಮೆಂಟ್ ಸ್ಪ್ಯಾನಿನ ವರ್ಗದಂತೆ ಏರುತ್ತೆ, ನಾವೆಲ್ಲ ಓದಿದ್ದೇವೆ. ಸ್ಪ್ಯಾನ್ ಅರ್ಧಕ್ಕಿಳಿದರೆ ಮೊಮೆಂಟ್ ಕಾಲುಭಾಗ. ಅವರಿಗೆ ಸೂತ್ರ ಗೊತ್ತಿರಲಿಲ್ಲ, ಕಲ್ಲು ಗೊತ್ತಿತ್ತು.

ವಾಟರ್‌ಫರ್ಡ್ ಕೌಂಟಿಯ ಡ್ರಮ್‌ಲೋಹನ್‌ನಲ್ಲಿ 1867ರಲ್ಲಿ ಸಿಕ್ಕ ಸೂಟರೇನಿನಲ್ಲಂತೂ ಓಗಮ್ ಲಿಪಿಯ ಹಳೇ ಶಾಸನಗಲ್ಲುಗಳನ್ನೇ ಕಟ್ಟಡಕ್ಕೆ ಬಳಸಿದ್ದಾರೆ. ಹೆಸರು ಕೆತ್ತಿ ನಿಲ್ಲಿಸಿದ್ದ ಉದ್ದನೆಯ ಕಲ್ಲು, ಚಾವಣಿಗೆ ಹೇಳಿ ಮಾಡಿಸಿದ ಹಾಗೆ! ಶಾಸನಪ್ರಿಯರಿಗೆ ಹೊಟ್ಟೆ ಉರಿಯಬಹುದು.

ಇಷ್ಟೆಲ್ಲಾ ಕಷ್ಟ ಯಾಕೆ? ಒಳಗೆ ವರ್ಷವಿಡೀ ತಂಪು, ಹಾಲು ಬೆಣ್ಣೆ ಇಡೋಕೆ ಅಂತ ಒಂದು ವಾದ. ಇರಬಹುದು. ಆದರೆ ತೆವಳಿಯೇ ದಾಟಬೇಕಾದ ಕಿರಿದಾದ ಕಿಂಡಿಗಳನ್ನು ಬರೀ ಉಗ್ರಾಣಕ್ಕೆ ಯಾರು ಇಡ್ತಾರೆ? ಆ ಕಾಲದಲ್ಲಿ ನೆರೆಯ ಅರಸರೂ ವೈಕಿಂಗರೂ ದನಗಳ ಜೊತೆ ಜನರನ್ನೂ ಹಿಡಿದೊಯ್ಯುತ್ತಿದ್ದರು. ಡಬ್ಲಿನ್ನಿನಲ್ಲಿ ಗುಲಾಮರ ವ್ಯಾಪಾರವೇ ನಡೆಯುತ್ತಿತ್ತು. ಹಾಗಾಗಿ ನಮ್ಮ ಓಟು ಅಡಗುತಾಣಕ್ಕೆ. ಕಿಂಡಿಯಲ್ಲಿ ತೆವಳಿ ಬರುವವನ ತಲೆಯೇ ಮೊದಲು ಒಳಗೆ ಬರೋದು. ಕತ್ತಲಲ್ಲಿ ಕಾದು ಕೂತವರ ಕೈಲಿ ಒಂದು ದೊಣ್ಣೆ ಇದ್ರೆ ಸಾಕು. ಉಸಿರಾಟಕ್ಕೆ ಕೆಲವದರಲ್ಲಿ ಗಾಳಿಕಿಂಡಿಯೂ ಇದೆ. ಬಾಯಲ್ಲಿ ಹೊಗೆ ಹಾಕಿದರೆ ಮಾತ್ರ ಆಶ್ರಯವೇ ಬೋನು. ದಿನಗಟ್ಟಲೆಯ ಮುತ್ತಿಗೆಗೆ ಇದು ನಿಲ್ಲದು. ದೋಚಿ ಓಡುವ ಗುಂಪು ದಾಟಿಹೋಗುವ ತನಕ ಉಸಿರು ಬಿಗಿಹಿಡಿದು ಕೂರೋಕೆ ಸಾಕಿತ್ತು.

ಡೌನ್ ಕೌಂಟಿಯ ಡ್ರಮೀನಾದಲ್ಲಿ ಇಂಗ್ಲಿಷ್‌ನ ‘ಟೀ’ ಅಕ್ಷರದ ಆಕಾರದ, ಸುಮಾರು 15 ಮೀಟರ್ ಉದ್ದದ ಸೂಟರೇನಿಗೆ ಇವತ್ತಿಗೂ ಇಳಿದು ನೋಡಬಹುದು.