ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ?

1898ರಲ್ಲಿ ಹುಬ್ಬಳ್ಳಿ ಪ್ಲೇಗಿನ ಹೊಡೆತಕ್ಕೆ ತತ್ತರಿಸಿತು. ಸುಮಾರು 50,000 ಜನವಸತಿಯ ಊರಿನಲ್ಲಿ 35,000ಕ್ಕೂ ಹೆಚ್ಚು ಮಂದಿ ಹಾಫ್‌ಕಿನ್ನರ ಲಸಿಕೆ ಚುಚ್ಚಿಸಿಕೊಂಡರೆಂದರೆ ಭೀತಿ ಎಷ್ಟಿತ್ತೆಂದು ಊಹಿಸಬಹುದು. ತೊಟ್ಟಿಲ ಕೂಸನ್ನೂ ಬಿಡದ ಇಂಥ ಮಾರಿ ಬಂದಾಗ, ಇದು ಯಾರ ಪಾಪದ ಫಲ ಎಂಬ ಪ್ರಶ್ನೆ ಏಳುವುದು ಸಹಜ.

'ಮಾಡಿದ್ದುಣ್ಣೋ ಮಹಾರಾಯ' ಎನ್ನುವ ನಾಡಿನಲ್ಲೇ 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆಯೂ ಉಂಟು. ಮೊದಲನೆಯದು ನ್ಯಾಯ, ಎರಡನೆಯದು ಅನುಭವ. ಕರ್ಮಸಿದ್ಧಾಂತ ಇವೆರಡನ್ನೂ ಪೂರ್ವಜನ್ಮದ ಸೇತುವೆಯಿಂದ ಜೋಡಿಸುತ್ತದೆ. 1839ರಿಂದ ಹುಬ್ಬಳ್ಳಿಯಲ್ಲಿ ನೆಲೆಯೂರಿದ್ದ ಬಾಸೆಲ್ ಮಿಶನ್ನಿನವರು ಬೋಧಿಸಿದ ಕ್ರೈಸ್ತಮತದಲ್ಲಿ ಪುನರ್ಜನ್ಮವಿಲ್ಲ. ಹಾಗಾಗಿ ಅಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ.

ಬೈಬಲ್ಲಿನಲ್ಲಿಯೇ ಇದಕ್ಕೆ ಒಂದೇ ಉತ್ತರವಿಲ್ಲ. ತಂದೆಯ ಅಪರಾಧ ಮೂರು ನಾಲ್ಕು ತಲೆಮಾರಿನವರೆಗೆ ಮುಟ್ಟುತ್ತದೆಂದು ವಿಮೋಚನಕಾಂಡ ಎಚ್ಚರಿಸುತ್ತದೆ. ತಂದೆಯ ತಪ್ಪಿಗೆ ಮಗನನ್ನು ಕೊಲ್ಲಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಕ್ರಿ.ಪೂ. 6ನೆಯ ಶತಮಾನದ ಪ್ರವಾದಿ ಯೆಹೆಜ್ಕೇಲನಂತೂ ಪಾಪ ಮಾಡಿದವನೇ ಅದಕ್ಕೆ ಹೊಣೆ ಎಂದು ಖಂಡಿತವಾಗಿ ಸಾರುತ್ತಾನೆ.

ಈ ವಿರೋಧವನ್ನು ಬಿಡಿಸಲು ದೋಷ ಬೇರೆ, ಪರಿಣಾಮ ಬೇರೆ ಎಂದು ತಿಳಿಯಬೇಕು. ಕುಡುಕ ತಂದೆ ಹೊಲ ಮಾರಿದರೆ ಮಕ್ಕಳು ಉಪವಾಸ ಬೀಳುತ್ತಾರೆ. ಹಸಿವು ಅವರದು, ಅಪರಾಧ ಅವರದಲ್ಲ. ಮನುಷ್ಯರು ಒಬ್ಬರಿಗೊಬ್ಬರು ಹೆಣೆದುಕೊಂಡು ಬಾಳುವುದರಿಂದ ಒಬ್ಬನ ಕೇಡು ಹಲವರಿಗೆ ಹರಡುತ್ತದೆ.

ಆದಾಮನ ಪಾಪದ ವಿಚಾರದಲ್ಲೂ ಭಿನ್ನಮತವಿದೆ. ಸಂತ ಅಗಸ್ಟೀನ್ (354-430) ಆ ದೋಷವೇ ಮನುಕುಲಕ್ಕೆ ಹುಟ್ಟಿನಿಂದ ಬರುತ್ತದೆಂದ. ಪೌರ್ವಾತ್ಯ ಸಭೆಗಳು ಬಂದದ್ದು ಮರಣ ಮತ್ತು ದೌರ್ಬಲ್ಯ, ದೋಷವಲ್ಲ ಎನ್ನುತ್ತವೆ.

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದ. ಸಿಲೊವಾದ ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಲ್ಲವೆಂದೂ ಹೇಳಿದ. ನೊಂದವನನ್ನೇ ಅಪರಾಧಿಯೆನ್ನುವ ಚಾಳಿಗೆ ಇದು ನೇರ ಪೆಟ್ಟು. ಯೋಬನ ಕಥೆಯಲ್ಲೂ ಅವನ ಮೇಲೆ ಪಾಪ ಹೊರಿಸಿದ ಗೆಳೆಯರನ್ನೇ ದೇವರು ಗದರುತ್ತಾನೆ.

ಇಷ್ಟಾದರೂ ದೇವರು ಏಕೆ ತಡೆಯಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಅದರ ದುಷ್ಫಲವನ್ನೂ ತಡೆಯಲಾಗದು ಎಂಬುದು ಒಂದು ಸಮಾಧಾನ. ಆದರೆ ಪ್ಲೇಗು ಯಾರ ಸ್ವಾತಂತ್ರ್ಯದ ಫಲ? ದಾಸ್ತೊಯೆವ್‌ಸ್ಕಿಯ 'ಕರಮಜೋವ್ ಸಹೋದರರು' ಕಾದಂಬರಿಯ (1880) ಇವಾನ್, ಒಂದು ಮಗುವಿನ ಕಣ್ಣೀರಿನ ಬೆಲೆಗೆ ಯಾವ ಸ್ವರ್ಗವೂ ಬೇಡವೆನ್ನುತ್ತಾನೆ. ಕ್ರೈಸ್ತರು ಇಲ್ಲಿ ಶಿಲುಬೆಯನ್ನು ತೋರಿಸುತ್ತಾರೆ: ನಿರಪರಾಧಿಯ ನೋವನ್ನು ದೇವರು ದೂರದಿಂದ ನೋಡಲಿಲ್ಲ, ತಾನೇ ಉಂಡ. ಇದು ಕಾರಣ ಹೇಳುವುದಿಲ್ಲ, ಜೊತೆಗಿರುತ್ತದೆ ಅಷ್ಟೆ.

1898ರಲ್ಲೇ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್, ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದ. ರೋಗ ಹೇಗೆ ಬಂತೆಂಬುದು ತಿಳಿಯಿತು. ಆ ಕೂಸಿಗೇ ಏಕೆಂಬುದು ತಿಳಿಯಲಿಲ್ಲ. ತಿಳಿಯದಲ್ಲಿ ಪಾಪದ ಲೆಕ್ಕ ಹಾಕದೆ ಹಾಸಿಗೆಯ ಬಳಿ ಕೂರುವುದೇ ಧರ್ಮ ಎಂಬುದು ಈ ಚಿಂತನೆಯ ಸಾರ.